ಬಿಡುವಿಲ್ಲದ ಜಗದ್ಗುರುವಿಗೆ ಸಂತ ಬರ್ನಾರ್ಡರ ಬುದ್ಧಿಮಾತು

ಆಗಸ್ಟ್ ತಿಂಗಳು ನಮ್ಮ ಧರ್ಮಕೇಂದ್ರಗಳಲ್ಲಿ ಮಾತೆ ಮರಿಯಮ್ಮನವರ ತಿಂಗಳೇ ಸರಿ. 15ರಂದು ಸ್ವರ್ಗಸ್ವೀಕಾರದ ಹಬ್ಬ, ಅದರೊಂದಿಗೆ ಸ್ವಾತಂತ್ರ್ಯ ದಿನ. 29ರಂದು ಬೆಂಗಳೂರಿನ ಶಿವಾಜಿನಗರದಲ್ಲಿ ಧ್ವಜಾರೋಹಣವಾಯಿತೆಂದರೆ ಸೆಪ್ಟೆಂಬರ್ 8ರವರೆಗೆ ನವದಿನಗಳ ಸಂಭ್ರಮ. ಈ ಎರಡು ಹಬ್ಬಗಳ ಮಧ್ಯೆ 20ನೇ ತಾರೀಕು ಬರುವ ಸಂತ ಬರ್ನಾರ್ಡರ ಸ್ಮರಣೆ ಬೆಳಗಿನ ಬಲಿಪೂಜೆಗೆ ಬರುವ ಹತ್ತಿಪ್ಪತ್ತು ಜನರಿಗೆ ಮಾತ್ರ ಗೊತ್ತಾಗಿ ಮುಗಿದುಹೋಗುತ್ತದೆ. ಹಬ್ಬದ ತಯಾರಿಯಲ್ಲಿರುವ ಗುರುಗಳಿಗೂ ಆ ದಿನ ಪುರುಸೊತ್ತಿರುವುದಿಲ್ಲ. ಈ ಸಂತರು ಬರೆದ ಕೊನೆಯ ದೊಡ್ಡ ಪುಸ್ತಕದ ವಿಷಯವೇ ಪುರುಸೊತ್ತು ಎಂಬುದನ್ನು ನೆನೆದರೆ ನಗು ಬರುತ್ತದೆ.

ಬರ್ನಾರ್ಡ್ ಎಂದರೆ ಕೆಲವರಿಗೆ ಹಿಮದಲ್ಲಿ ಸಿಕ್ಕಿಬಿದ್ದವರನ್ನು ಕಾಪಾಡುವ ದೊಡ್ಡ ನಾಯಿ ನೆನಪಾಗುತ್ತದೆ. ಆ ನಾಯಿಯ ಹೆಸರು ಆಲ್ಪ್ಸ್ ಪರ್ವತದ ಕಣಿವೆದಾರಿಯಲ್ಲಿ ಪ್ರಯಾಣಿಕರಿಗೆ ಆಶ್ರಯಧಾಮ ಕಟ್ಟಿಸಿದ ಇನ್ನೊಬ್ಬ ಬರ್ನಾರ್ಡರಿಂದ ಬಂದದ್ದು. ಮತ್ತೆ ಕೆಲವರಿಗೆ, ಮಾತೆಯ ಆಶ್ರಯಕ್ಕೆ ಓಡಿಬಂದವರು ಯಾರೂ ಬರಿಗೈಯಲ್ಲಿ ಹೋಗಲಿಲ್ಲ ಎಂಬ ಭಾವದ ಆ ಪ್ರಸಿದ್ಧ ಪ್ರಾರ್ಥನೆ ನೆನಪಾದೀತು. ಅದನ್ನೂ ಇವರು ಬರೆದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಅದೇ ಹೆಸರಿನ ಫ್ರೆಂಚ್ ಗುರುವೊಬ್ಬರು ಪ್ರಚಾರ ಮಾಡಿದ್ದರಿಂದ ಹೆಸರು ಅಂಟಿಕೊಂಡಿತು. ನಮ್ಮ ಬರ್ನಾರ್ಡರು 1090ರಲ್ಲಿ ಫ್ರಾನ್ಸಿನ ದಿಜೋನ್ ಪಟ್ಟಣದ ಹತ್ತಿರ ಹುಟ್ಟಿ, ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿಗೆ ಅಣ್ಣತಮ್ಮಂದಿರು, ನೆಂಟರು, ಗೆಳೆಯರು ಹೀಗೆ ಸುಮಾರು ಮೂವತ್ತು ಜನರನ್ನು ಜೊತೆಗೆ ಕರೆದುಕೊಂಡೇ ಸಿತೋ ಎಂಬಲ್ಲಿದ್ದ ಬಡ ಮಠವನ್ನು ಸೇರಿದವರು. 1115ರಲ್ಲಿ ಕ್ಲೇರ್ವೋ ಮಠವನ್ನು ಸ್ಥಾಪಿಸಿ, ಸಾಯುವವರೆಗೆ ಅದರ ಮಠಾಧಿಪತಿಯಾಗಿದ್ದರು. 1830ರಲ್ಲಿ ಧರ್ಮಸಭೆ ಅವರನ್ನು ತನ್ನ ಪಂಡಿತರ ಸಾಲಿಗೆ ಸೇರಿಸಿತು.

ಕ್ಲೇರ್ವೋ ಮಠಕ್ಕೆ 1138ರ ಸುಮಾರಿಗೆ ಇಟಲಿಯ ಪೀಸಾ ನಗರದಿಂದ ಒಬ್ಬರು ಬಂದು ಸನ್ಯಾಸ ಸ್ವೀಕರಿಸಿದರು. ಅವರ ಹೆಸರೂ ಬರ್ನಾರ್ಡ್. ಗುರು ಶಿಷ್ಯರಿಬ್ಬರದೂ ಒಂದೇ ಹೆಸರು. ಮಠದಲ್ಲಿ ಸನ್ಯಾಸಿಗಳು ಚಳಿ ಕಾಯಿಸಿಕೊಳ್ಳುವ ಕೋಣೆಯ ಬೆಂಕಿ ನೋಡಿಕೊಳ್ಳುವ ಕೆಲಸ ಅವರದಾಗಿತ್ತೆಂದು ಸಂಪ್ರದಾಯ ಹೇಳುತ್ತದೆ. 1140ರಲ್ಲಿ ಮಠಾಧಿಪತಿಗಳು ಅವರನ್ನು ರೋಮಿಗೆ ಕಳುಹಿಸಿ, ಸಂತ ಪೌಲರು ರಕ್ತಸಾಕ್ಷಿಯಾದ ಸ್ಥಳವೆಂದು ಜನ ನಂಬುವ ತ್ರೆ ಫೊಂತಾನೆ ಎಂಬಲ್ಲಿ ಮಠದ ಹೊಣೆ ವಹಿಸಿದರು. ಜೌಗು ನೆಲ, ಸೊಳ್ಳೆ, ಚಳಿಜ್ವರ. ಆದರೂ ಅದು ಮಠವೇ. ಗಂಟೆ ಹೊಡೆದಾಗ ಪ್ರಾರ್ಥನೆ, ಗಂಟೆ ಹೊಡೆದಾಗ ಕೆಲಸ.

1145ರ ಫೆಬ್ರವರಿ 15ರಂದು ಎಲ್ಲವೂ ತಲೆಕೆಳಗಾಯಿತು. ರೋಮಿನ ಜನ ಪೋಪರ ಲೌಕಿಕ ಆಡಳಿತವನ್ನು ಧಿಕ್ಕರಿಸಿ ತಮ್ಮದೇ ಸಭೆ ಕಟ್ಟಿಕೊಂಡಿದ್ದ ಕಾಲ ಅದು. ಅಂದು ಪೋಪ್ ಎರಡನೆಯ ಲೂಸಿಯಸ್ ತೀರಿಕೊಂಡರು. ದಂಗೆಕೋರರ ಕೋಟೆಗೆ ಮುತ್ತಿಗೆ ಹಾಕಿದಾಗ ಬಿದ್ದ ಕಲ್ಲೇಟಿನಿಂದಲೇ ಸತ್ತರೆಂದು ಆ ಕಾಲದಲ್ಲಿ ಹೇಳುತ್ತಿದ್ದರು. ಅದೇ ದಿನ ಕಾರ್ಡಿನಲರು ಸೇರಿ, ತಮ್ಮ ಪೈಕಿ ಯಾರನ್ನೂ ಆರಿಸದೆ, ಈ ಬೆಂಕಿ ಕಾಯುತ್ತಿದ್ದ ಸನ್ಯಾಸಿಯನ್ನು ಪೋಪ್ ಆಗಿ ಆರಿಸಿಬಿಟ್ಟರು! ಅವರೇ ಮೂರನೆಯ ಯುಜೀನಿಯಸ್. ರೋಮಿನಲ್ಲಿ ಪಟ್ಟಾಭಿಷೇಕ ಮಾಡುವಂತಿರಲಿಲ್ಲ. ಮೂರು ದಿನದ ಮೇಲೆ ಫಾರ್ಫಾ ಎಂಬ ಊರಿನ ಮಠದಲ್ಲಿ ಅಭಿಷೇಕ ನಡೆಯಿತು. ಸುದ್ದಿ ತಿಳಿದ ಬರ್ನಾರ್ಡರಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಲೋಕಕ್ಕೆ ಸತ್ತು ಸಮಾಧಿಯಲ್ಲಿದ್ದ ಮನುಷ್ಯನನ್ನು ಎಬ್ಬಿಸಿ ಜನಜಂಗುಳಿಯ ಮಧ್ಯೆ ತಂದು ನಿಲ್ಲಿಸಿದಿರಲ್ಲ ಎಂಬ ಅರ್ಥದಲ್ಲಿ ಅವರು ಕಾರ್ಡಿನಲರಿಗೆ ಖಾರವಾಗಿ ಪತ್ರ ಬರೆದರು.

ಜನಜಂಗುಳಿ ಎಂದದ್ದು ಬರೀ ಮಾತಲ್ಲ. ಹನ್ನೆರಡನೆಯ ಶತಮಾನದ ಪೋಪರ ಸಭೆ ಎಂದರೆ ಮುಖ್ಯವಾಗಿ ಒಂದು ದೊಡ್ಡ ನ್ಯಾಯಾಲಯ. 1140ರ ಸುಮಾರಿಗೆ ಬೊಲೋನ್ಯದ ಗ್ರೇಷಿಯನ್ ಎಂಬುವರು ಧರ್ಮಸಭೆಯ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ ಗ್ರಂಥ ಮಾಡಿದ ಮೇಲೆ ಕಾನೂನು ಬಲ್ಲವರ ಸಂಖ್ಯೆ ಬೆಳೆಯಿತು, ವ್ಯಾಜ್ಯಗಳೂ ಬೆಳೆದವು. ಧರ್ಮಾಧ್ಯಕ್ಷರ ಆಯ್ಕೆಯ ಜಗಳ, ಮಠದ ಗದ್ದೆಯ ಗಡಿ, ಮದುವೆಯ ತಕರಾರು, ದಶಾಂಶದ ಲೆಕ್ಕ, ಯಾವುದಕ್ಕಾದರೂ ಸರಿ ಇಂಗ್ಲೆಂಡಿನಿಂದ ಸಿಸಿಲಿಯವರೆಗಿನ ಯಾರು ಬೇಕಾದರೂ ರೋಮಿಗೆ ಮೇಲ್ಮನವಿ ಸಲ್ಲಿಸಬಹುದಿತ್ತು. ಪೋಪರೇ ಕುಳಿತು ಕೇಳಬೇಕು. ಯುಜೀನಿಯಸರು ತಮ್ಮ ಎಂಟು ವರ್ಷಗಳ ಹೆಚ್ಚು ಭಾಗವನ್ನು ರೋಮಿನ ಹೊರಗೆ, ವಿತೆರ್ಬೋ ಮೊದಲಾದ ಊರುಗಳಲ್ಲಿ ಕಳೆಯಬೇಕಾಯಿತು; 1147ರಲ್ಲಿ ಫ್ರಾನ್ಸಿಗೂ ಹೋದರು. ಹೋದಲ್ಲೆಲ್ಲ ವಕೀಲರ ದಂಡು ಹಿಂದೆಯೇ.

ಈ ಸ್ಥಿತಿಯನ್ನು ಕಂಡು ಬರ್ನಾರ್ಡರು 1148ರ ನಂತರದ ವರ್ಷಗಳಲ್ಲಿ ಬಿಡಿಬಿಡಿಯಾಗಿ ಐದು ಭಾಗಗಳ ಒಂದು ಪುಸ್ತಕ ಬರೆದು ಕಳುಹಿಸಿದರು. ಲತೀನಿನಲ್ಲಿ ಅದರ ಹೆಸರು ‘ದೆ ಕನ್ಸಿದೆರಾತ್ಸಿಯೋನೆ’. ಕುಳಿತು, ಮನಸ್ಸಿಟ್ಟು ಆಲೋಚಿಸುವುದರ ಬಗ್ಗೆ ಎಂದು ಕನ್ನಡದಲ್ಲಿ ಹೇಳಬಹುದು. ಪೋಪರಿಗೆ ಬರೆಯುವಾಗ ತಾಯಿಯ ಹಾಗೆ ಬರೆಯುತ್ತೇನೆ, ಮೇಷ್ಟ್ರ ಹಾಗಲ್ಲ ಎಂಬ ಧಾಟಿಯಲ್ಲಿ ಶುರು ಮಾಡಿದರೂ ಮೇಷ್ಟ್ರ ಬೆತ್ತ ಆಗಾಗ ಕಾಣಿಸಿಕೊಳ್ಳುತ್ತದೆ. ಬೆಳಗಿನಿಂದ ಸಂಜೆಯ ತನಕ ವ್ಯಾಜ್ಯ ಕೇಳುವುದು, ಇಲ್ಲವೇ ವ್ಯಾಜ್ಯ ತೀರಿಸುವುದು. ಇದು ಯಾವ ಬದುಕು ಎಂದು ಕೇಳುತ್ತಾರೆ. ನಿಮ್ಮ ಅರಮನೆಯಲ್ಲಿ ದಿನವೂ ಕಾನೂನು ಮೊಳಗುತ್ತದೆ ನಿಜ, ಆದರೆ ಅದು ದೇವರ ಕಟ್ಟಳೆಯಲ್ಲ, ಚಕ್ರವರ್ತಿ ಜಸ್ಟಿನಿಯನನದು ಎಂದು ಚುಚ್ಚುತ್ತಾರೆ.

ಪುಸ್ತಕದ ಆರಂಭದಲ್ಲೇ ಒಂದು ಭಾಗವಿದೆ. ಎಂಟುನೂರೈವತ್ತಕ್ಕೂ ಹೆಚ್ಚು ವರ್ಷಗಳ ನಂತರ ಓದಿದರೂ ಮೈ ಜುಮ್ಮೆನ್ನುತ್ತದೆ. ಅವರು ಹೇಳುವುದರ ಸಾರ ಇಷ್ಟು. ಈ ಕೆಲಸದ ಹೊರೆ ಮೊದಲು ನಿಮಗೆ ತಾಳಲಾರದ್ದಾಗಿ ಕಂಡಿತು. ನೀವು ಅತ್ತಿರಿ, ಮಠವನ್ನು ನೆನೆದು ಕೊರಗಿದಿರಿ. ದಿನ ಕಳೆದಂತೆ ಅದು ಅಷ್ಟೇನೂ ಭಾರವಲ್ಲ ಎನಿಸುತ್ತದೆ. ಆಮೇಲೆ ಹಗುರವೆನಿಸುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ ಭಾರದ ಅರಿವೇ ಹೋಗುತ್ತದೆ. ಕೊನೆಗೆ ಅದೇ ರುಚಿಸತೊಡಗುತ್ತದೆ. ಬರ್ನಾರ್ಡರಿಗೆ ಭಯವಿದ್ದದ್ದು ಮೊದಲ ಹಂತದ ಬಗ್ಗೆ ಅಲ್ಲ, ಕೊನೆಯ ಹಂತದ ಬಗ್ಗೆ. ದಣಿವಾಗುವವನಿಗೆ ಇನ್ನೂ ಜೀವವಿದೆ. ದಣಿವು ಗೊತ್ತಾಗದೆ ಹೋದವನ ಹೃದಯ ಕಲ್ಲಾಗುತ್ತಿದೆ ಎಂದೇ ಅರ್ಥ. ಕಲ್ಲಾದ ಹೃದಯ ಯಾವುದು ಎಂದು ನನ್ನನ್ನು ಕೇಳಬೇಡಿ, ಆ ಮಾತು ಕೇಳಿ ನಿಮಗೆ ಹೆದರಿಕೆಯಾಗದಿದ್ದರೆ ಅದು ನಿಮ್ಮದೇ ಎಂಬರ್ಥದಲ್ಲಿ ಅವರು ನೇರವಾಗಿ ಬರೆಯುತ್ತಾರೆ. ಪೋಪರಿಗೆ!

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ನಾಲ್ಕು ದಿನ ಉಳಿದಿತ್ತು. ಶಾಮಿಯಾನದವನು, ಬ್ಯಾಂಡಿನವನು, ಶಾಲೆಯ ಕಟ್ಟಡದ ಗುತ್ತಿಗೆದಾರ, ಒಬ್ಬರಾದ ಮೇಲೆ ಒಬ್ಬರ ಫೋನು. ಆಗ ಒಬ್ಬ ಅಜ್ಜಿ ಬಂದು ಮೊಮ್ಮಗಳ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿದರು. ಫೋನಿನಲ್ಲಿ ಮಾತಾಡುತ್ತಲೇ ಬರೆದು ಮೊಹರು ಹಾಕಿ ಕೊಟ್ಟೆ. ಅಜ್ಜಿ ಹೋಗಲಿಲ್ಲ, ಬಾಗಿಲ ಬಳಿ ನಿಂತರು. ‘ಇನ್ನೇನಮ್ಮ?’ ಎಂದೆ. ‘ಏನಿಲ್ಲ ಸ್ವಾಮಿ’ ಎಂದು ಹೊರಟುಹೋದರು. ಆ ದಿನ ಬೆಳಿಗ್ಗೆ ಅವರ ಮಗಳಿಗೆ ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರಂತೆ. ಹಬ್ಬ ಮುಗಿದ ಮೇಲೆ ಉಪದೇಶಿ ಈ ವಿಷಯ ತಿಳಿಸಿದರು. ಆ ಮಗಳ ಹೆಸರನ್ನು ಪೂಜೆಯ ಕೋರಿಕೆಗಳ ಪುಸ್ತಕದಲ್ಲಿ ಬರೆದುಕೊಂಡು ನಾನು ಮುಂದಿನ ಕೆಲಸಕ್ಕೆ ತಿರುಗಿದೆ. ಅಜ್ಜಿಯನ್ನು ಹಾಗೇ ಕಳಿಸಿದ್ದಕ್ಕಿಂತ, ವಿಷಯ ತಿಳಿದ ಮೇಲೂ ನನಗೆ ಏನೂ ಅನಿಸಲಿಲ್ಲವಲ್ಲ, ಅದು ಈಗ ಬಾಧಿಸುತ್ತದೆ. ಅನಿಸಿದ್ದು ಬಹಳ ತಡವಾಗಿ, ಬರ್ನಾರ್ಡರ ಈ ಪುಟಗಳನ್ನು ಓದುವಾಗ.

ಹಾಗಾದರೆ ಪೋಪರು ಏನು ಮಾಡಬೇಕಿತ್ತು? ಪದವಿ ಬಿಟ್ಟು ಮಠಕ್ಕೆ ಓಡಿಬನ್ನಿ ಎಂದು ಬರ್ನಾರ್ಡರು ಹೇಳುವುದಿಲ್ಲ. ದಿನವಿಡೀ ಧ್ಯಾನದಲ್ಲಿರಿ ಎಂದೂ ಇಲ್ಲ. ಅವರು ಕೇಳುವುದು ತೀರ ಕಡಿಮೆ: ಯಾವಾಗಲೂ ಬೇಡ, ಬಹಳ ಸಲವೂ ಬೇಡ, ಆಗೊಮ್ಮೆ ಈಗೊಮ್ಮೆಯಾದರೂ ನಿಮ್ಮನ್ನು ನಿಮಗೆ ಕೊಟ್ಟುಕೊಳ್ಳಿ ಎಂಬುದು ಅವರ ಕೋರಿಕೆ. ಊರ ಮಧ್ಯದ ನೀರಿನ ಚಿಲುಮೆಯ ಹೋಲಿಕೆ ಕೊಡುತ್ತಾರೆ. ಬಂದವರೆಲ್ಲ, ಅವರ ದನಕರುಗಳು ಸಹಿತ, ನಿಮ್ಮಲ್ಲಿ ನೀರು ಕುಡಿಯುವಾಗ ನೀವೊಬ್ಬರೇ ಬಾಯಾರಿ ದೂರ ನಿಲ್ಲುವುದೇಕೆ? ನೀವು ಎಲ್ಲರಿಗೂ ಸೇರಿದವರಾದರೆ ಆ ಎಲ್ಲರಲ್ಲಿ ನೀವೂ ಒಬ್ಬರು ತಾನೆ? ಈ ತರ್ಕಕ್ಕೆ ಉತ್ತರ ಕೊಡುವುದು ಕಷ್ಟ.

ಬೈಬಲಿನಿಂದ ಅವರು ತೆಗೆದುಕೊಳ್ಳುವ ಸಾಕ್ಷಿ ಮೋಶೆಯ ಮಾವ ಇತ್ರೋ. ವಿಮೋಚನಾಕಾಂಡದ 18ನೇ ಅಧ್ಯಾಯದಲ್ಲಿ, ಬೆಳಗಿನಿಂದ ಸಂಜೆಯವರೆಗೆ ನ್ಯಾಯ ಹೇಳುತ್ತ ಕುಳಿತ ಅಳಿಯನನ್ನು ಕಂಡು ಆ ಹಿರಿಯರು, ಹೀಗೆ ಮಾಡಿದರೆ ನೀನೂ ಸವೆದುಹೋಗುವೆ, ಜನರೂ ಬಳಲುತ್ತಾರೆ ಎಂದು ಗದರಿ, ಸಮರ್ಥರಾದ ಬೇರೆಯವರಿಗೆ ಕೆಲಸ ಹಂಚಿಕೊಡುವಂತೆ ಹೇಳುತ್ತಾರೆ. ಮಾವ ಹೇಳಿದ ಬುದ್ಧಿಯನ್ನು ಅಳಿಯ ಕೇಳಿದ್ದೂ ಒಂದು ವಿಶೇಷವೇ. ಬರ್ನಾರ್ಡರು ಮಹಾ ಪೋಪ್ ಗ್ರೆಗೊರಿಯವರನ್ನೂ ನೆನಪಿಸುತ್ತಾರೆ. ಲೊಂಬಾರ್ಡರು ರೋಮಿನ ಬಾಗಿಲಿಗೆ ಬಂದಿದ್ದಾಗಲೂ ಅವರು ಯೆಜೆಕಿಯೇಲ ಪ್ರವಾದಿಯ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವಷ್ಟು ಬಿಡುವು ಮಾಡಿಕೊಂಡಿದ್ದರಂತೆ.

ಕೆಲಸ ಕಡಿಮೆ ಮಾಡಿ ಎಂದಷ್ಟೇ ಹೇಳಿ ಬರ್ನಾರ್ಡರು ಸುಮ್ಮನಾಗುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನೂ ಹೇಳುತ್ತಾರೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಬೆಲೆ ಇರುವುದು ಇಲ್ಲೇ. ವಿಧವೆಯ ಮೊಕದ್ದಮೆ ನಿಮ್ಮ ಬಳಿಗೆ ಬರಲಿ, ಬಡವನದು ಬರಲಿ, ಕೊಡಲು ಕೈಯಲ್ಲಿ ಏನೂ ಇಲ್ಲದವನದು ಬರಲಿ. ಮಿಕ್ಕವುಗಳಲ್ಲಿ ಅನೇಕವನ್ನು ಬೇರೆಯವರು ತೀರ್ಮಾನಿಸಲಿ. ಬಹುಪಾಲು ವ್ಯಾಜ್ಯಗಳು ಕೇಳಿಸಿಕೊಳ್ಳುವ ಯೋಗ್ಯತೆಯೂ ಇಲ್ಲದವು. ಅವುಗಳನ್ನು ಬಾಗಿಲಲ್ಲೇ ನಿಲ್ಲಿಸಿ. ಪೌಲರು ಎಲ್ಲರಿಗೂ ದಾಸನಾದೆ ಎಂದರಲ್ಲ ಎಂದು ಯಾರಾದರೂ ವಾದಿಸಿಯಾರೆಂದು ಅವರಿಗೆ ಮೊದಲೇ ಗೊತ್ತು. ಪೌಲರ ಬಳಿಗೆ ಓಡಿಬರುತ್ತಿದ್ದವರು ಹಣದಾಸೆಯವರು, ಪದವಿಯಾಸೆಯವರು ಆಗಿದ್ದರೇ ಎಂದು ಮರುಪ್ರಶ್ನೆ ಹಾಕುತ್ತಾರೆ. ನಾವು ಬಿಡುವು ಮಾಡಿಕೊಳ್ಳಲು ಹೊರಟಾಗ ಸಾಮಾನ್ಯವಾಗಿ ಮೊದಲು ಕೈಬಿಡುವುದು ಯಾರನ್ನು? ಗಲಾಟೆ ಮಾಡದವರನ್ನು, ಬಾಗಿಲ ಬಳಿ ಸುಮ್ಮನೆ ನಿಲ್ಲುವವರನ್ನು. ಬರ್ನಾರ್ಡರ ಪಟ್ಟಿ ಇದಕ್ಕೆ ತದ್ವಿರುದ್ಧ.

ಬೇಡದ ವ್ಯಾಜ್ಯಕ್ಕೆ ಅವರೇ ಕೊಡುವ ಉದಾಹರಣೆ ಪ್ಯಾರಿಸ್ ನಗರದ್ದು. ಮದುವೆಯ ದಿನ, ಅಡುಗೆ ಸಿದ್ಧವಾಗಿದೆ, ನೆಂಟರಿಷ್ಟರು ಸೇರಿದ್ದಾರೆ. ಅಷ್ಟರಲ್ಲಿ ಒಬ್ಬ ಬಂದು, ಈ ಹುಡುಗಿಯನ್ನು ಮೊದಲು ನನಗೆ ಕೊಡುವುದೆಂದು ಆಗಿತ್ತು, ನಾನು ರೋಮಿಗೆ ಮೇಲ್ಮನವಿ ಸಲ್ಲಿಸುತ್ತೇನೆ ಎಂದ. ಮದುಮಗ ದಂಗಾದ. ಗುರುಗಳು ಮುಂದುವರಿಯಲು ಹೆದರಿದರು. ಬಂದವರೆಲ್ಲ ತಮ್ಮ ತಮ್ಮ ಮನೆಗೆ ಹೋಗಿ ಊಟ ಮಾಡಿದರು. ರೋಮಿನಿಂದ ತೀರ್ಪು ಬರುವ ತನಕ ಮದುವೆ ನಿಂತಿತು. ಅಂದು ರೋಮಿಗೆ ಹೋಗಿಬರುವುದೆಂದರೆ ತಿಂಗಳುಗಟ್ಟಲೆ ಪ್ರಯಾಣ. ಇಂಥವನ್ನೆಲ್ಲ ಕೇಳುತ್ತ ಕುಳಿತರೆ ಜಗದ್ಗುರುಗಳ ಆಯುಷ್ಯ ಮುಗಿಯದೆ ಇನ್ನೇನಾದೀತು?

ಇಷ್ಟೆಲ್ಲ ಹೇಳಿದವರು ತಾವು ಹೇಗಿದ್ದರು? ಸಂತರ ಜೀವನವನ್ನು ಬರೆಯುವಾಗ ಇಂಥ ಪ್ರಶ್ನೆಗಳನ್ನು ಮೆಲ್ಲನೆ ಬದಿಗೆ ಸರಿಸುವುದು ನಮ್ಮ ವಾಡಿಕೆ. ಆದರೆ ಬರ್ನಾರ್ಡರೇ ಬದಿಗೆ ಸರಿಸಿದವರಲ್ಲ. ಕ್ಲೇರ್ವೋ ಮಠ ಕಟ್ಟಿದ ಮೊದಲ ವರ್ಷಗಳಲ್ಲಿ ಉಪವಾಸ, ಜಾಗರಣೆ, ದುಡಿಮೆಗಳಿಂದ ಅವರ ಹೊಟ್ಟೆ ಕೆಟ್ಟು, ಉಂಡದ್ದು ನಿಲ್ಲದಂತಾಯಿತು. ಆ ರೋಗ ಜೀವನಪೂರ್ತಿ ಬಿಡಲಿಲ್ಲ. ಶಾಲೋನಿನ ಧರ್ಮಾಧ್ಯಕ್ಷರಾಗಿದ್ದ ವಿಲಿಯಮರು ಸಿತೋಗೆ ಹೋಗಿ, ಸೇರಿದ್ದ ಮಠಾಧಿಪತಿಗಳ ಮುಂದೆ ಸಾಷ್ಟಾಂಗ ಬಿದ್ದು, ಒಂದು ವರ್ಷ ಬರ್ನಾರ್ಡರು ತಮ್ಮ ಮಾತಿಗೆ ವಿಧೇಯರಾಗಿರುವಂತೆ ಅಪ್ಪಣೆ ಪಡೆದರು. ಮಠದ ಆವರಣದ ಹೊರಗೆ, ಕುಷ್ಠರೋಗಿಗಳಿಗೆ ದಾರಿಬದಿಯಲ್ಲಿ ಕಟ್ಟುತ್ತಿದ್ದಂಥ ಒಂದು ಗುಡಿಸಲು ಕಟ್ಟಿಸಿ ಅಲ್ಲಿರಿಸಿದರು. ಯಾವ ಆಡಳಿತದ ಚಿಂತೆಯೂ ಬೇಡ, ಕೊಟ್ಟದ್ದನ್ನು ಉಂಡು ಸುಮ್ಮನಿರಬೇಕು. ನೋಡಿಕೊಳ್ಳಲು ಇಟ್ಟ ವೈದ್ಯನೋ ಬರೀ ಬಡಾಯಿಯವನು. ಎಂಥೆಂಥದ್ದನ್ನೋ ತಿನ್ನಲು ಕೊಡುತ್ತಿದ್ದ. ಅಲ್ಲಿಗೆ ಹೋಗಿ ನೋಡಿದ ಸಂತ ಥಿಯೆರಿ ಮಠದ ವಿಲಿಯಮರು (ಇವರು ಬೇರೆ ವಿಲಿಯಮ್) ಆ ಗುಡಿಸಲಿನಲ್ಲಿ ಕಂಡ ಸಂತೋಷವನ್ನು ಕೊನೆಯವರೆಗೂ ಮರೆಯಲಿಲ್ಲ. ಒಂದು ವರ್ಷದ ಅವಧಿ ಮುಗಿದದ್ದೇ ತಡ, ಬರ್ನಾರ್ಡರು ಮತ್ತೆ ಹಳೆಯ ಕಠಿಣ ಹಾದಿಗೇ ಹಿಂದಿರುಗಿದರು.

ಇಷ್ಟೇ ಆಗಿದ್ದರೆ ಅದು ಅವರ ಸ್ವಂತ ವಿಷಯ ಎನ್ನಬಹುದಿತ್ತು. ತ್ರೆ ಫೊಂತಾನೆಯ ಸನ್ಯಾಸಿಗಳು ಜ್ವರದಿಂದ ನರಳುತ್ತ ಔಷಧಿಯ ವಿಚಾರ ಎತ್ತಿದಾಗ, ಬಡವರು ಬಳಸುವ ಗಿಡಮೂಲಿಕೆ ಸಾಕು, ಔಷಧಿ ಕೊಳ್ಳುವುದು, ವೈದ್ಯರನ್ನು ಕರೆಸುವುದು ನಮ್ಮ ವ್ರತಕ್ಕೆ ಒಪ್ಪುವುದಲ್ಲ ಎಂಬ ಉತ್ತರ ಅವರಿಂದ ಹೋಯಿತು. ನಿಷ್ಠುರವಾದ ಪತ್ರ ಅದು. ಓದಿ ನನಗೆ ಬೇಸರವಾಯಿತು, ಮುಚ್ಚಿಡುವುದೇಕೆ? ಇನ್ನು ಪೋಪರ ಮೇಜಿನ ಮೇಲಿನ ರಾಶಿಯಲ್ಲಿ ಬರ್ನಾರ್ಡರ ಶಿಫಾರಸು ಪತ್ರಗಳೂ ಕಡಿಮೆ ಇರಲಿಲ್ಲ. ಪೋಪ್ ನೀವಲ್ಲ, ನಾನು ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ಯುಜೀನಿಯಸರಿಗೆ ಅವರೇ ಬರೆದಿದ್ದರು. 1146ರ ಪಾಸ್ಖ ಹಬ್ಬದಂದು ವೆಜಲೇ ಎಂಬಲ್ಲಿ ಎರಡನೆಯ ಧರ್ಮಯುದ್ಧಕ್ಕೆ ಜನರನ್ನು ಹುರಿದುಂಬಿಸಿ ಊರೂರು ತಿರುಗಿದವರು ಅವರು. 1148ರಲ್ಲಿ ದಮಾಸ್ಕಸ್ಸಿನ ಎದುರು ಆ ದಂಡು ಸೋತು ಚೆದುರಿದಾಗ ದೂರು ಹೊತ್ತವರೂ ಅವರೇ. ಈ ಸೋಲಿನ ನೋವು ಪುಸ್ತಕದ ಎರಡನೇ ಭಾಗದ ಆರಂಭದಲ್ಲಿದೆ. ಒಂದು ಪತ್ರದಲ್ಲಿ ಅವರು ತಮ್ಮನ್ನು ಗ್ರೀಕರ ಪುರಾಣದ ಮಿಶ್ರಪ್ರಾಣಿಗೆ ಹೋಲಿಸಿಕೊಳ್ಳುತ್ತಾರೆ. ಉಡುಪು ಸನ್ಯಾಸಿಯದು, ಬದುಕು ಸನ್ಯಾಸಿಯದಲ್ಲ ಎಂಬ ಪಶ್ಚಾತ್ತಾಪ ಅದು. ಹೃದಯ ಕಲ್ಲಾಗುವ ಹಂತಗಳನ್ನು ಅಷ್ಟು ಸ್ಪಷ್ಟವಾಗಿ ಅವರು ಎಲ್ಲಿ ಕಲಿತರೆಂದು ಬೇರೆ ಹುಡುಕಬೇಕಾಗಿಲ್ಲ.

ಇಬ್ಬರಿಗೂ ಕಳೆದುಹೋದ ಮನೆಯಂತೆ ಕಾಡುತ್ತಿದ್ದದ್ದು ಮಠದ ದಿನಚರಿ. ಸಂತ ಬೆನೆಡಿಕ್ಟರ ನಿಯಮದ 48ನೇ ಅಧ್ಯಾಯ ಕೈಕೆಲಸಕ್ಕೆ ಇಂತಿಷ್ಟು ಹೊತ್ತು, ಓದಿಗೆ ಇಂತಿಷ್ಟು ಹೊತ್ತು ಎಂದು ಗೊತ್ತುಮಾಡುತ್ತದೆ. ಸೋಮಾರಿತನ ಆತ್ಮಕ್ಕೆ ಶತ್ರು ಎನ್ನುವ ಅದೇ ಅಧ್ಯಾಯ, ಬೇಸಿಗೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಹಾಸಿಗೆಯಲ್ಲಿ ಮೌನವಾಗಿ ವಿಶ್ರಮಿಸಿ ಎಂದೂ ಹೇಳುತ್ತದೆ. ಗಂಟೆ ಹೊಡೆದರೆ ಕೈಯಲ್ಲಿದ್ದುದನ್ನು ಅಲ್ಲಿಗೇ ಬಿಟ್ಟು ಪ್ರಾರ್ಥನೆಗೆ ಹೋಗಬೇಕು. ಕೆಲಸ ಮುಗಿಯಿತೇ ಎಂದು ಗಂಟೆ ಕೇಳುವುದಿಲ್ಲ. ಪೋಪರ ನ್ಯಾಯಾಲಯದಲ್ಲಿ ಅಂಥ ಗಂಟೆ ಇರಲಿಲ್ಲ.

2006ರ ಆಗಸ್ಟ್ 20 ಭಾನುವಾರ ಬಂದಿತ್ತು. ಅಂದಿನ ತ್ರಿಕಾಲ ಪ್ರಾರ್ಥನೆಯ ವೇಳೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಕಾಸ್ತೆಲ್ ಗಂದೋಲ್ಫೋದಲ್ಲಿ ಸೇರಿದ ಜನರಿಗೆ ಬರ್ನಾರ್ಡರ ಈ ಪುಸ್ತಕವನ್ನು ಪರಿಚಯಿಸಿ, ಅತಿಯಾದ ಕೆಲಸದ ಅಪಾಯದ ಬಗ್ಗೆ ಮಾತನಾಡಿದರು. ಪೋಪರಿಗೆ ಬರೆದ ಪತ್ರವನ್ನು ಪೋಪರೇ ಊರಿಗೆಲ್ಲ ಓದಿಹೇಳಿದಂತಾಯಿತು. ಸುಮಾರು ಆರೂವರೆ ವರ್ಷಗಳ ನಂತರ, 2013ರ ಫೆಬ್ರವರಿ 11ರಂದು, ಆ ಹೊಣೆಗೆ ಬೇಕಾದ ಶಕ್ತಿ ತಮ್ಮಲ್ಲಿ ಉಳಿದಿಲ್ಲವೆಂದು ಹೇಳಿ ಅವರು ಪದತ್ಯಾಗ ಘೋಷಿಸಿದಾಗ ನನಗೆ ಮೊದಲು ನೆನಪಾದದ್ದು ಆ ಭಾನುವಾರ.

ಯುಜೀನಿಯಸರು ಗುರುಗಳ ಮಾತು ಕೇಳಿದರೇ? ಇತಿಹಾಸವನ್ನು ನೋಡಿದರೆ ಕೇಳಿದಂತೆ ಕಾಣುವುದಿಲ್ಲ. ಮೇಲ್ಮನವಿಗಳು ನಿಲ್ಲಲಿಲ್ಲ, ಮುಂದಿನ ನೂರು ವರ್ಷಗಳಲ್ಲಿ ಪೋಪರ ನ್ಯಾಯಾಲಯ ಇನ್ನಷ್ಟು ದೊಡ್ಡದಾಯಿತು, ಕಾನೂನು ಪಂಡಿತರೇ ಪೋಪರಾದರು. ಆದರೆ ಆ ಸಭೆಯಲ್ಲಿದ್ದ ಇಂಗ್ಲೆಂಡಿನ ಸಾಲಿಸ್ಬರಿಯ ಜಾನ್ ಎಂಬ ವಿದ್ವಾಂಸರು ಕಂಡದ್ದನ್ನು ಬರೆದಿಟ್ಟಿದ್ದಾರೆ. ದಕ್ಷಿಣ ಇಟಲಿಯ ಮೊಲೀಸೆಯ ಪ್ರಭು ಹ್ಯೂ ಎಂಬಾತ ಹೆಂಡತಿಯನ್ನು ಬಿಡಬೇಕೆಂದು ಮೊಕದ್ದಮೆ ತಂದಿದ್ದ. ಸಾಕ್ಷಿಗಳು ಸಿದ್ಧ, ವಕೀಲರು ಸಿದ್ಧ. ಪೋಪರು ಬಿಡುಗಡೆಯನ್ನು ನಿರಾಕರಿಸಿದರು. ಅಲ್ಲಿಗೆ ನ್ಯಾಯಾಧೀಶರ ಕೆಲಸ ಮುಗಿದಿತ್ತು, ಮುಂದಿನ ಕಡತ ಕರೆಯಬಹುದಿತ್ತು. ಅದರ ಬದಲು ಅವರ ಕಣ್ಣಲ್ಲಿ ನೀರು ಬಂತು. ಪೀಠದಿಂದ ದಡಬಡನೆ ಇಳಿದು ಬಂದು ಎಲ್ಲರ ಎದುರಿಗೆ ಆ ಪ್ರಭುವಿನ ಕಾಲ ಬಳಿ ಬೋರಲು ಬಿದ್ದರು. ತಲೆಯ ಕಿರೀಟ ಕಳಚಿ ಧೂಳಿನಲ್ಲಿ ಉರುಳಿತು. ಹೆಂಡತಿಯನ್ನು ಪ್ರೀತಿಯಿಂದ ಮನೆಗೆ ಕರೆದುಕೊಂಡು ಹೋಗಪ್ಪಾ ಎಂದು ಬೇಡಿಕೊಂಡು, ತಮ್ಮ ಬೆರಳಿನ ಉಂಗುರವನ್ನು ತೆಗೆದು ಅವನಿಗೆ ತೊಡಿಸಿದರು.

1153ರ ಜುಲೈ 8ರಂದು ಯುಜೀನಿಯಸರು ತಿವೊಲಿಯಲ್ಲಿ ತೀರಿಕೊಂಡರು. ನಲವತ್ತಮೂರು ದಿನಗಳ ಮೇಲೆ, ಆಗಸ್ಟ್ 20ರಂದು, ಕ್ಲೇರ್ವೋದಲ್ಲಿ ಬರ್ನಾರ್ಡರು ಕಣ್ಣುಮುಚ್ಚಿದರು. ಶಿಷ್ಯ ಪುನೀತರಾಗಿ 1872ರಲ್ಲಿ ಧರ್ಮಸಭೆಯ ಮಾನ್ಯತೆ ಪಡೆದರು. ಜುಲೈ 8 ಅವರ ಸ್ಮರಣೆಯ ದಿನ. ಪೋಪರ ಉಡುಪಿನ ಒಳಗೆ ಅವರು ಮಠದ ಒರಟು ಉಣ್ಣೆಯ ಅಂಗಿಯನ್ನು ಕೊನೆಯವರೆಗೂ ತೊಡುತ್ತಿದ್ದರೆಂದು ಹೇಳುತ್ತಾರೆ.